ಕ್ರೀಡೋದ್ಯೋಗ ಪ್ರವೇಶ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೂ ಅನುಬಂಧ ಚತುಷ್ಟಯವಿಲ್ಲದೆ ಆರಂಭವಾಗಕೂಡದು. ಆದ್ದರಿಂದ, ವಿಷಯ: ವೃತ್ತಿಪರ ಕ್ರೀಡೆಯಲ್ಲಿ ಕೆಲಸ ಹಿಡಿಯುವ ಬಗೆ. ಪ್ರಯೋಜನ: ಕೊರಳಿಗೊಂದು ಐಡಿ ಕಾರ್ಡು. ಸಂಬಂಧ: ಫ್ರಾಂಚೈಸಿಯಲ್ಲಿ ಯಾರಾದರೂ ಇದ್ದರೆ ಉಳಿದ ಮೂರೂ ಬೇಕಿಲ್ಲ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಬೆಂಗಳೂರಿನಲ್ಲಿ ಸ್ವಂತ ಮನೆಯುಳ್ಳ ತಂದೆಯ ಮಗ.

ಸೂತ್ರ 1: ಯತ್ರ ಯತ್ರ ಪ್ಯಾಷನ್, ತತ್ರ ತತ್ರ ವೇತನಾಭಾವಃ.

ವೃತ್ತಿ: ಹೊಗೆ ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕರಂತೆ, ಜಾಹೀರಾತಿನಲ್ಲಿ ‘ಪ್ಯಾಷನೇಟ್ ಅಭ್ಯರ್ಥಿಗಳು ಬೇಕಾಗಿದ್ದಾರೆ’ ಎಂದು ಕಂಡೊಡನೆ ಸಂಬಳವಿಲ್ಲವೆಂದು ಊಹಿಸತಕ್ಕದ್ದು. ‘ಸ್ಟೈಪೆಂಡ್ ಉಂಟು’ ಎಂದಿದ್ದರೆ ಬಸ್ ಪಾಸಿನಷ್ಟು. ‘ಎಕ್ಸ್‌ಪೋಷರ್ ಅಪಾರ’ ಎಂದಿದ್ದರೆ ಬಿಸಿಲು.

ಸೂತ್ರ 2: ಇಕೋಸಿಸ್ಟಮ್ ಸರ್ವವ್ಯಾಪಿ.

ವೃತ್ತಿ: ಮ್ಯಾನೇಜ್‌ಮೆಂಟ್ ಕಾಲೇಜೊಂದರ ವಿಚಾರ ಸಂಕಿರಣದಲ್ಲಿ ಈ ಸೂತ್ರದ ಸಾಕ್ಷಾತ್ಕಾರ ಲೇಖಕನಿಗಾಯಿತು. ವೇದಿಕೆಯ ಮೇಲಿನ ಕೋಟುಧಾರಿಗಳು ಸ್ಟೇಕ್‌ಹೋಲ್ಡರ್, ಫ್ಯಾನ್ ಎಂಗೇಜ್‌ಮೆಂಟ್, ಬ್ರ್ಯಾಂಡ್ ಆಕ್ಟಿವೇಷನ್ ಎಂದರು. ಆಟ ಎಂಬ ಪದಾರ್ಥ ಮಾತ್ರ ಊಟದ ಹೊತ್ತಿನವರೆಗೂ ಗೋಚರಿಸಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸಾರ್, ಮೊದಲನೇ ವರ್ಷ ಎಷ್ಟು ಕೊಡ್ತಾರೆ?” ಎಂದ. “ಮೊದಲು ಕಲಿಯೋದರ ಬಗ್ಗೆ ಯೋಚನೆ ಮಾಡಪ್ಪ” ಎಂಬ ಉಪದೇಶ ಬಂತು. ಉಪದೇಶಿಸಿದವರು ತಮ್ಮ ಗೌರವಧನದ ಕವರನ್ನು ಜೇಬಿಗಿಳಿಸಿ ಕಾರು ಹತ್ತಿದರು.

ಈಗ ಆಕಾಂಕ್ಷಿಗಳ ಪಂಚವಿಧ ವರ್ಗೀಕರಣ. ಮೊದಲನೆಯವನು ಡಿಪ್ಲೊಮಾಜೀವಿ: ಲಕ್ಷಗಟ್ಟಲೆ ಶುಲ್ಕ ಕಟ್ಟಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಿ, ಇಂಟರ್ನ್ ಆಗುತ್ತಾನೆ. ಎರಡನೆಯವನು ಪರಿಚಯಜೀವಿ: ಲಿಂಕ್ಡ್‌ಇನ್‌ನಲ್ಲಿ ಕಂಡಕಂಡವರಿಗೆಲ್ಲ ನಮಸ್ಕಾರ ಹೊಡೆದು, ಇಂಟರ್ನ್ ಆಗುತ್ತಾನೆ. ಮೂರನೆಯವನು ಸ್ವಯಂಸೇವಕ: ಕಂಠೀರವ ಒಳಾಂಗಣದಲ್ಲಿ ಕಬಡ್ಡಿ ನಡೆವಾಗ ವಿಐಪಿ ಬಾಗಿಲು ಕಾದು, ಆಟಕ್ಕೆ ಬೆನ್ನು ಹಾಕಿ ನಿಂತು, ಇಂಟರ್ನ್ ಆಗುತ್ತಾನೆ. ನಾಲ್ಕು, ಐದನ್ನು ಬಿಡೋಣ, ಅವರೂ ಇಂಟರ್ನುಗಳೇ.

ಪೂರ್ವಪಕ್ಷ: ಪಾಪ, ಉದ್ಯಮದಲ್ಲಿ ಹಣವಿಲ್ಲದಿರಬಹುದಲ್ಲವೆ?

ಸಿದ್ಧಾಂತ: 2022ರಲ್ಲಿ ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಬಿಕರಿಯಾಯಿತು. ಆಗ ಲೆಕ್ಕ ಹಿಡಿದ 410 ಪಂದ್ಯಗಳಿಗೆ ಹಂಚಿದರೆ ಪಂದ್ಯವೊಂದಕ್ಕೆ 118 ಕೋಟಿ. ಅದನ್ನು 240 ಎಸೆತಗಳಿಗೆ ಹಂಚಿದರೆ ಎಸೆತಕ್ಕೆ ಸುಮಾರು 49 ಲಕ್ಷ. 2024ರ ಐಪಿಎಲ್ ಮುಗಿದ ಮೇಲೆ ಕ್ರಿಕೆಟ್ ಮಂಡಳಿ ಹತ್ತು ಖಾಯಂ ಮೈದಾನಗಳ ಸಿಬ್ಬಂದಿಗೆ ಬಹುಮಾನ ಘೋಷಿಸಿತು: ಮೈದಾನಕ್ಕೆ 25 ಲಕ್ಷ. ಪಿಚ್ ಕ್ಯುರೇಟರಿನಿಂದ ಹಿಡಿದು, ಮಳೆ ಹನಿದೊಡನೆ ಕವರ್ ಎಳೆದುಕೊಂಡು ಓಡುವವರವರೆಗೆ, ಎಲ್ಲರಿಗೂ ಸೇರಿ ಅರ್ಧ ಎಸೆತ.

ಇಲ್ಲಿಗೆ ಪ್ರಬಂಧದ ಶೈಲಿ ಕೆಡುತ್ತದೆ. ಕೆಡಲಿ. ಹಣವಿಲ್ಲದ ಮನೆಯವರು ಕೂಲಿ ಕೊಡಲಿಲ್ಲವೆಂದರೆ ಅರ್ಥವಾಗುತ್ತದೆ. ಎಸೆತಕ್ಕೆ ಅರ್ಧ ಕೋಟಿ ಎಣಿಸಿಕೊಳ್ಳುವ ಆಟದ ಸುತ್ತ ನೆರೆದವರು ಇಪ್ಪತ್ತೆರಡರ ಹುಡುಗಿಗೆ ಒಂದು ಟೀ ಶರ್ಟು, ಎರಡು ಊಟದ ಕೂಪನ್ನು ಕೊಟ್ಟು ರಾತ್ರಿ ಒಂದು ಗಂಟೆಯವರೆಗೆ ದುಡಿಸುತ್ತಾರಲ್ಲ, ಮನೆ ಮುಟ್ಟಲು ಆಟೋದ ದುಡ್ಡನ್ನೂ ಅವಳ ಕೈಯಿಂದಲೇ ಕೊಡಿಸುತ್ತಾರಲ್ಲ, ಅದಕ್ಕೆ ಯಾವ ಶಾಸ್ತ್ರದಲ್ಲೂ ಸಮರ್ಥನೆ ಇಲ್ಲ.

ನಮ್ಮಲ್ಲಿ ಹಿಂದೆ ಬೇರೊಂದು ಏರ್ಪಾಟಿತ್ತು. ಬ್ಯಾಂಕುಗಳು, ರೈಲ್ವೆ, ಸಾರ್ವಜನಿಕ ವಲಯದ ಕಾರ್ಖಾನೆಗಳು ಚೆನ್ನಾಗಿ ಆಡುವವರನ್ನು ಕರೆದು ಕೆಲಸ ಕೊಡುತ್ತಿದ್ದವು. ಗುಂಡಪ್ಪ ವಿಶ್ವನಾಥರಂಥ ವಿಶ್ವನಾಥರೂ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ವಿಜಯಾ ಬ್ಯಾಂಕಿಗೆ ಬ್ಯಾಸ್ಕೆಟ್‌ಬಾಲ್, ಕಬಡ್ಡಿ ತಂಡಗಳಿದ್ದವು. ಮೊಣಕಾಲು ಕೈಕೊಟ್ಟು ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ; ಕೌಂಟರಿನಲ್ಲಿ ಕೂತು ಬಡ್ತಿ ಪಡೆದು ಮಕ್ಕಳನ್ನು ಓದಿಸಬಹುದಿತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಕರಗಿದವು. ಆಡುವವರಿಗೆ ಬಾಗಿಲು ತೆರೆಯುತ್ತಿದ್ದ ಮನೆಗಳೇ ಕಡಿಮೆಯಾದವು. ಈಗ ಹರಾಜಿನಲ್ಲಿ ಹೆಸರು ಕೂಗಿಸಿಕೊಂಡ ಕೆಲವರಿಗೆ ಕೋಟಿ. ಕೂಗಿಸಿಕೊಳ್ಳದವರು ಊರಿಗೆ ಹೋಗಿ ಏನು ಮಾಡುತ್ತಾರೆಂದು ಯಾವ ಸಂಕಿರಣದಲ್ಲೂ ಯಾರೂ ಕೇಳಲಿಲ್ಲ.

ಫಲಶ್ರುತಿ. ಕ್ರೀಡೆಯಲ್ಲೇ ಬಾಳಬೇಕೆನ್ನುವವರು ಕೈಗೊಂದು ಕಸುಬು ಮಾಡಿಕೊಳ್ಳಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಇದೆ. ರಾಜ್ಯ ಕ್ರಿಕೆಟ್ ಸಂಸ್ಥೆಗಳು ಅಂಪೈರುಗಳಿಗೆ ಪರೀಕ್ಷೆ ನಡೆಸುತ್ತವೆ. ಫಿಸಿಯೊಥೆರಪಿ ಕಲಿತವರಿಗೆ ತಂಡ ಸಿಗದಿದ್ದರೆ ಆಸ್ಪತ್ರೆಯಾದರೂ ಸಿಗುತ್ತದೆ. ಸಂದರ್ಶನದಲ್ಲಿ ಪ್ಯಾಷನ್ ಬಗ್ಗೆ ಕೇಳಿದಾಗ ಸಂಬಳ ಎಷ್ಟು, ಯಾವ ತಾರೀಖಿಗೆ ಎಂದು ತಿರುಗಿ ಕೇಳಿ, ಉತ್ತರವನ್ನು ಬರೆದುಕೊಡಲು ಹೇಳಿ. ಕೇಳಿದ್ದಕ್ಕೇ ಕೆಲಸ ತಪ್ಪಿದರೆ ನಿಮಗಾದ ನಷ್ಟ ಒಂದು ಟೀ ಶರ್ಟು, ಅದೂ ನಿಮ್ಮ ಅಳತೆಯದಲ್ಲ.