ಲೋಡು ಹೊರಟಿದೆ ಸಾರ್

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಏಳುವುದಕ್ಕೆ ಎರಡು ದಾರಿಗಳಿವೆ. ಒಂದು, ಚದರಕ್ಕೆ ಇಷ್ಟೆಂದು ಮಾತಾಡಿ ಎಲ್ಲವನ್ನೂ ಕಂಟ್ರಾಕ್ಟರಿಗೆ ಒಪ್ಪಿಸುವುದು. ಇನ್ನೊಂದು, ಕೂಲಿಯನ್ನಷ್ಟೇ ಮೇಸ್ತ್ರಿಗೆ ಗುತ್ತಿಗೆ ಕೊಟ್ಟು ಸಿಮೆಂಟು, ಕಂಬಿ, ಜಲ್ಲಿ, ಇಟ್ಟಿಗೆಗಳನ್ನು ಮನೆಯ ಯಜಮಾನನೇ ತರಿಸುವುದು. ಎರಡನೆಯದಕ್ಕೆ ‘ಸ್ವಂತ ಉಸ್ತುವಾರಿ’ ಎಂದು ಹೆಸರು. ಈ ಪದ್ಧತಿಯಲ್ಲಿ ಗಾರೆಯವರು ಗಾರೆ ಕೆಲಸ ಮಾಡುತ್ತಾರೆ, ಕಂಬಿಯವರು ಕಂಬಿ ಕಟ್ಟುತ್ತಾರೆ, ಸೆಂಟ್ರಿಂಗಿನವರು ಹಲಗೆ ಹೊಡೆಯುತ್ತಾರೆ. ಯಜಮಾನನ ಪಾಲಿಗೆ ಉಳಿಯುವ ಕೆಲಸ ಒಂದೇ, ಕಾಯುವುದು. ಇದಕ್ಕೆ ಶನಿವಾರದ ಬಟವಾಡೆ ಇಲ್ಲ, ಅಮಾವಾಸ್ಯೆಯ ರಜೆಯೂ ಇಲ್ಲ.

ಕಾಯುವ ಕೆಲಸದ ಮುಖ್ಯ ಹತಾರ ಫೋನು. ಮೊದಲ ಕರೆಗೇ ಸಿಗುವ ಉತ್ತರ ‘ಲೋಡು ಹೊರಟಿದೆ ಸಾರ್’ ಎಂಬುದು. ಇದನ್ನು ಅರ್ಥ ಮಾಡಿಕೊಳ್ಳಲು ವ್ಯಾಕರಣದ ಹಿನ್ನೆಲೆ ಬೇಕು. ಹೈಸ್ಕೂಲಿನಲ್ಲಿ ಕ್ರಿಯಾಪದಗಳ ಪಾಠದ ಕೊನೆಗೆ ಸಂಭಾವನಾರ್ಥಕ ಎಂಬ ರೂಪವೊಂದು ಬರುತ್ತದೆ: ‘ಬಂದಾನು’, ‘ಬಂದೀತು’. ಕ್ರಿಯೆ ನಡೆಯುವುದರ ಬಗ್ಗೆ ಊಹೆ ಅಥವಾ ಸಂಶಯ ಅದರ ಅರ್ಥ. ಜಲ್ಲಿ-ಮರಳಿನ ವ್ಯವಹಾರದಲ್ಲಿ ನಡೆಯುವುದು ಈ ಒಂದೇ ಅರ್ಥ. ರೂಪವನ್ನು ಮಾತ್ರ ಭೂತಕಾಲದಿಂದ ಕಡ ತರಲಾಗಿದೆ. ‘ಹೊರಟಿದೆ’ ಎಂದರೆ ಡ್ರೈವರು ಊಟಕ್ಕೆ ಹೊರಟಿದ್ದಾನೆ. ‘ದಾರೀಲಿದೆ’ ಎಂದರೆ ಲಾರಿ ಕ್ರಷರಿನ ಮುಂದೆ ಸಾಲಿನಲ್ಲಿದೆ. ‘ಇಲ್ಲೇ ಹತ್ತಿರ ಬಂತು’ ಎನ್ನುವಾಗ ಅದು ವೇಬ್ರಿಡ್ಜಿನ ಮೇಲಿರುತ್ತದೆ. ‘ಬೆಳಿಗ್ಗೆ ಫಸ್ಟ್ ಲೋಡ್ ನಿಮ್ದೇ’ ಎಂಬ ಮಾತಿನಲ್ಲಿ ಸುಳ್ಳೇನೂ ಇಲ್ಲ, ಯಾವ ಬೆಳಿಗ್ಗೆ ಎಂದು ಕೇಳಿದವರೇ ತಪ್ಪು ಮಾಡಿದವರು. ಫೋನು ಎತ್ತದೇ ಹೋದರೆ ಎರಡರಲ್ಲೊಂದು: ಲಾರಿ ನಿಜಕ್ಕೂ ಬರುತ್ತಿದೆ, ಅಥವಾ ಅದಕ್ಕೆ ಇನ್ನೂ ಜಲ್ಲಿಯೇ ತುಂಬಿಲ್ಲ.

ತಡಕ್ಕೆ ಕಾರಣಗಳೂ ಇವೆ, ಅವೆಲ್ಲ ನೆಪಗಳಲ್ಲ. ಹೊಳೆ ಮರಳಿನ ಮೇಲೆ ನಿರ್ಬಂಧಗಳು ಬಿಗಿಯಾದ ಮೇಲೆ ಕರ್ನಾಟಕದ ಮನೆಗಳು ಎಂ ಸ್ಯಾಂಡಿನ ಮೇಲೆ ನಿಂತಿವೆ. ಕಲ್ಲನ್ನು ಪುಡಿಮಾಡಿ, ತೊಳೆದು ತೆಗೆಯುವ ಈ ಮರಳು ಹುಟ್ಟುವುದು ಜಲ್ಲಿ ಹುಟ್ಟುವ ಕ್ರಷರಿನಲ್ಲೇ. ಹಿಂದೆ ಹೊಳೆ ತುಂಬಿದರೆ ಮರಳು ನಿಲ್ಲುತ್ತಿತ್ತು, ಜಲ್ಲಿ ಬರುತ್ತಿತ್ತು. ಈಗ ಕ್ರಷರ್ ನಿಂತರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಕರೆಂಟು ಹೋದರೆ, ಪರ್ಮಿಟ್ಟಿನ ತಕರಾರು ಎದ್ದರೆ, ಲಾರಿಯವರು ಮುಷ್ಕರ ಹೂಡಿದರೆ ಕ್ರಷರ್ ನಿಲ್ಲುತ್ತದೆ. ಆಯುಧಪೂಜೆಗಂತೂ ಲಾರಿ, ಮಿಕ್ಸರು, ಕೊನೆಗೆ ಕರಣೆ-ಬಾಂಡ್ಲಿಗಳೂ ಕುಂಕುಮ ಇಟ್ಟುಕೊಂಡು ಕೂರುತ್ತವೆ. ಇಟ್ಟಿಗೆಯ ಕಷ್ಟ ಬೇರೆ. ಮಾಲೂರು ಕಡೆಯ ಗೂಡುಗಳಲ್ಲಿ ಸುಡುವ ಮೊದಲು ಹಸಿ ಇಟ್ಟಿಗೆ ಬಿಸಿಲಿನಲ್ಲಿ ಒಣಗಬೇಕು. ಮಳೆಗಾಲದಲ್ಲಿ ಇಟ್ಟಿಗೆ ಕೇಳಿದವರಿಗೆ ಗೂಡಿನವರು ಆಕಾಶ ತೋರಿಸುತ್ತಾರೆ; ಅದು ಪ್ರಾಮಾಣಿಕ ಉತ್ತರ. ಕಂಬಿಯಂಗಡಿಯಲ್ಲಿ ಎಲ್ಲ ಅಳತೆಗಳೂ ಇರುತ್ತವೆ, ಅಂದು ಬೇಕಾದದ್ದೊಂದನ್ನು ಬಿಟ್ಟು. 16 ಎಂಎಂ ಕಂಬಿ ನಡು ಮಡಚಿಕೊಂಡು ಬಂದು ಸೈಟಿನಲ್ಲಿ ಬಿದ್ದಿರುತ್ತದೆ. ಅದಕ್ಕೆ ರಿಂಗು ಮಾಡುವ 8 ಎಂಎಂ ‘ನಾಳೆ’ ಬರುತ್ತದೆ.

ಬರೀ ತಡವಾಗಿದ್ದರೆ ಸಹಿಸಬಹುದಿತ್ತು. ತೊಂದರೆಯೆಲ್ಲ ಬರುವ ಕ್ರಮದಲ್ಲಿದೆ. ಎಷ್ಟು ಕಾಲ ಬಿದ್ದಿದ್ದರೂ ಕೆಡದ ಜಲ್ಲಿ ಮತ್ತು ಮರಳು ಕೊನೆಗೆ ಬರುತ್ತವೆ. ಗಾಳಿಯ ತೇವಕ್ಕೇ ಗಂಟುಕಟ್ಟುವ ಸಿಮೆಂಟು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬರುತ್ತದೆ. ಮೂರು ತಿಂಗಳು ಇಟ್ಟ ಸಿಮೆಂಟು ಸುಮಾರು ಐದರಲ್ಲೊಂದು ಪಾಲು ಬಲ ಕಳೆದುಕೊಳ್ಳುತ್ತದೆಂದು ಸಿವಿಲ್ ಪಠ್ಯಪುಸ್ತಕಗಳು ಹೇಳುತ್ತವೆ. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ, ಹತ್ತು ಮೂಟೆಗಿಂತ ಎತ್ತರವಾಗದಂತೆ ಪೇರಿಸಬೇಕೆಂದೂ ಅವು ಹೇಳುತ್ತವೆ. ಗೋಡೆಯೇ ಇನ್ನೂ ಎದ್ದಿರದ ಸೈಟಿನಲ್ಲಿ ಗೋಡೆಯಿಂದ ಒಂದಡಿ ದೂರ ಎಂದರೆ ಎಲ್ಲಿ ಎಂಬುದನ್ನು ಪುಸ್ತಕಗಳು ಹೇಳುವುದಿಲ್ಲ. ಕೊನೆಗೆ ಟಾರ್ಪಾಲಿನ ಕೆಳಗೆ ಮೂಟೆಗಳು, ಟಾರ್ಪಾಲಿನ ಮೇಲೆ ನಾಲ್ಕು ಕಲ್ಲು, ಕಲ್ಲಿನ ಮೇಲೆ ಮೋಡ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಸಿಮೆಂಟು ಮೂಟೆಯಲ್ಲಿ ಬರುತ್ತಿರಲಿಲ್ಲ.

ಈ ಕ್ರಮಭಂಗ ತನ್ನ ಪೂರ್ಣರೂಪ ತೋರಿಸುವುದು ಮೋಲ್ಡಿನ ದಿನ, ಎಂದರೆ ತಾರಸಿಗೆ ಕಾಂಕ್ರೀಟು ಹಾಕುವ ದಿನ. 1000 ಚದರ ಅಡಿಯ, 5 ಇಂಚು ದಪ್ಪದ ಮೋಲ್ಡಿಗೆ ಒಂದು-ಒಂದೂವರೆ-ಮೂರರ ಪಾಕದಲ್ಲಿ, ತೊಲೆಗಳ ಲೆಕ್ಕ ಬಿಟ್ಟು, 50 ಕೆ.ಜಿ.ಯ 95 ಮೂಟೆ ಸಿಮೆಂಟು, 180 ಘನ ಅಡಿ ಎಂ ಸ್ಯಾಂಡ್, 350 ಘನ ಅಡಿ ಜಲ್ಲಿ ಹೆಚ್ಚುಕಡಿಮೆ ಬೇಕಾಗುತ್ತದೆ. ಇವೆಲ್ಲ ಒಂದೇ ಬೆಳಿಗ್ಗೆ ಒಂದೇ ಕಡೆ ಸೇರಬೇಕು. ಜೊತೆಗೆ ಲಿಫ್ಟಿರುವ ಮಿಕ್ಸರು, ಹದಿನೈದಿಪ್ಪತ್ತು ಜನರ ಗ್ಯಾಂಗು, ಅವರಿಗೆ ತಿಂಡಿ. ತಿಂಡಿ ಸಮಯಕ್ಕೆ ಬರುತ್ತದೆ. ಗ್ಯಾಂಗೂ ಬರುತ್ತದೆ. ಜಲ್ಲಿ ಅರ್ಧ ಬಂದಿರುತ್ತದೆ, ಉಳಿದರ್ಧ ಹೊರಟಿರುತ್ತದೆ. ಶುರುಮಾಡಿ ನಡುವೆ ನಿಲ್ಲಿಸುವಂತಿಲ್ಲ. ಹಾಕಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಹೊಸದನ್ನು ಸೇರಿಸಿದರೆ ಆ ಸೇರುವೆಯಲ್ಲಿ ಮುಂದೆ ನೀರು ಜಿನುಗುತ್ತದೆ. ಶುರುಮಾಡದೇ ಇರುವಂತೆಯೂ ಇಲ್ಲ. ಗ್ಯಾಂಗಿನ ದಿನಗೂಲಿ ಬೆಳಿಗ್ಗೆಯೇ ಶುರುವಾಗಿದೆ. ಕೆಲವು ಸಲ ಎಲ್ಲವೂ ಸೇರಿದ ಮೇಲೆ ಮೇಸ್ತ್ರಿ ಕಂಬಿಯ ಕೆಳಗೆ ಕೈ ಹಾಕಿ, ‘ಕವರ್ ಬ್ಲಾಕ್ ತರ್ಸಿಲ್ವಾ ಸಾರ್?’ ಎನ್ನುತ್ತಾನೆ. ಕಂಬಿಯನ್ನು ಹಲಗೆಯಿಂದ 20 ಎಂಎಂ ಮೇಲೆ ನಿಲ್ಲಿಸುವ, ಮುಷ್ಟಿಯಲ್ಲಿ ನಾಲ್ಕು ಹಿಡಿಯುವಷ್ಟು ಪುಟ್ಟ ಬಿಲ್ಲೆ ಅದು. ಲಾರಿಗಟ್ಟಲೆ ಸಾಮಾನಿನ ಮುಂದೆ ಇಪ್ಪತ್ತು ಜನ ಆ ಬಿಲ್ಲೆಗಾಗಿ ಕೂರುತ್ತಾರೆ, ಯಜಮಾನ ಸ್ಕೂಟರ್ ಏರುತ್ತಾನೆ.

ಸಾಮಾನು ಮತ್ತು ಕೆಲಸಗಾರರ ನಡುವಿನ ನಂಟು ಅಮಾವಾಸ್ಯೆ-ಹುಣ್ಣಿಮೆಗಳದ್ದು. ಮರಳಿಲ್ಲದೆ ಎರಡು ದಿನ ಕೂತ ಮೇಸ್ತ್ರಿ ಮೂರನೆಯ ದಿನ ‘ಇಲ್ಲೇ ಪಕ್ಕದಲ್ಲಿ ಸಣ್ಣದೊಂದು ಕಾಂಪೌಂಡ್ ಕೆಲಸ’ಕ್ಕೆ ಹೋಗುತ್ತಾನೆ. ಮರಳು ಅಂದೇ ಬರುತ್ತದೆ. ಸಣ್ಣ ಕಾಂಪೌಂಡು ವಾರವಾದರೂ ಮುಗಿಯುವುದಿಲ್ಲ, ಯಾಕೆಂದರೆ ಅಲ್ಲಿಯ ಇಟ್ಟಿಗೆ ಬಂದಿಲ್ಲ.

ದಟ್ಟಣೆಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲದ್ದರಿಂದ ಹಗಲೆಲ್ಲ ಬಾರದ ಲೋಡು ರಾತ್ರಿ ಎರಡಕ್ಕೆ ಬರುತ್ತದೆ. ಡ್ರೈವರು ಫೋನು ಮಾಡಿ, ‘ಗಣಪತಿ ಗುಡಿ ಹತ್ರ ನಿಂತಿದೀನಿ, ಎಲ್ಲಿ ಸುರೀಲಿ?’ ಎನ್ನುತ್ತಾನೆ. ಗಣಪತಿ ಗುಡಿ ಇಲ್ಲದ ಬಡಾವಣೆ ಇಲ್ಲ. ಅವನು ಯಾವ ಬಡಾವಣೆಯಲ್ಲಿದ್ದಾನೆಂದು ಗೊತ್ತಾಗಲು ಮತ್ತೆ ಅರ್ಧ ಗಂಟೆ. ಟಿಪ್ಪರಿನ ತೊಟ್ಟಿ ಮೇಲೇಳುವ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎಚ್ಚರಗೊಂಡು ಸಾಕ್ಷಿಗೆ ನಿಲ್ಲುತ್ತವೆ. ಬೆಳಗಾದಾಗ ಮರಳು ಎದುರುಮನೆಯ ಗೇಟಿನ ಮುಂದಿರುತ್ತದೆ, ಗೇಟಿನ ಒಳಗೆ ಅವರ ಕಾರಿರುತ್ತದೆ. ರಾತ್ರಿ ಬಂದ ಮರಳನ್ನು ಅಳೆಯುವುದೂ ಕಷ್ಟ. ತೊಳೆದ ಮರಳು ನೀರು ಸುರಿಸುತ್ತಲೇ ಬರುತ್ತದೆ. ಟನ್ ಲೆಕ್ಕದಲ್ಲಿ ಕೊಂಡರೆ ಆ ನೀರಿಗೂ ದುಡ್ಡು. ಅಡಿ ಲೆಕ್ಕದಲ್ಲಿ ಕೊಂಡರೆ ಗಾಳಿಗೆ ದುಡ್ಡು. ನೂರಕ್ಕೆ ಐದಾರು ಪಾಲು ತೇವಕ್ಕೇ ಮರಳು ಉಬ್ಬಿ ಕಾಲುಭಾಗ ಹೆಚ್ಚಿಗೆ ಕಾಣುತ್ತದೆ.

ವಾಸ್ಕಲ್ಲಿನ ತಡ ಮಾತ್ರ ಪಂಚಾಂಗಕ್ಕೆ ಡಿಕ್ಕಿ ಹೊಡೆಯುತ್ತದೆ. ಪುರೋಹಿತರು ಮುಹೂರ್ತ ಕೊಟ್ಟಿರುತ್ತಾರೆ, ಅದು ತಪ್ಪಿದರೆ ಮುಂದೆ ಆಷಾಢ. ಬಡಗಿಯಾದರೋ ಬಾಗಿಲ ಚೌಕಟ್ಟಿಗೆ ‘ಒಂದು ಕೈ ಉಜ್ಜೋದಷ್ಟೇ ಬಾಕಿ’ ಎಂದು ಹದಿನೈದು ದಿನದಿಂದ ಹೇಳುತ್ತಿರುತ್ತಾನೆ. ಇಂಥಲ್ಲಿ ಹೊಸ್ತಿಲಿನ ಮರವೊಂದನ್ನೇ ಆಟೋದಲ್ಲಿ ತರಿಸಿ, ಅರಿಸಿನ-ಕುಂಕುಮ ಹಚ್ಚಿ ಪೂಜೆ ಮುಗಿಸುವ ಉಪಾಯವಿದೆ. ಮರ ಮತ್ತೆ ಅದೇ ಆಟೋದಲ್ಲಿ ಬಡಗಿಯ ಶೆಡ್ಡಿಗೆ ಮರಳುತ್ತದೆ.

ನೆಲದ ಟೈಲುಗಳು ದೇಶದ ಹೆಚ್ಚಿನ ಭಾಗಕ್ಕೆ ಬರುವಂತೆ ಇಲ್ಲಿಗೂ ಗುಜರಾತಿನ ಮೋರ್ಬಿಯಿಂದ, ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರುತ್ತವೆ. ಅಷ್ಟು ದೂರದಿಂದ ಬಂದದ್ದು ನಾಲ್ಕು ಡಬ್ಬ ಕಡಿಮೆ ಬೀಳುತ್ತದೆ. ಕಾದು ತರಿಸಿದ ನಾಲ್ಕು ಡಬ್ಬ ಬೇರೆ ಬ್ಯಾಚಿನದು, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ. ಅವು ಮಂಚದ ಕೆಳಗೆ ಹೋಗುತ್ತವೆ.

ಇಷ್ಟರ ನಡುವೆಯೂ ಮನೆಗಳು ಏಳುತ್ತಿರುವುದು ಕೈಗಡದ ಬಲದಿಂದ. ಒಂದೇ ಬೀದಿಯಲ್ಲಿ ಕಟ್ಟಿಸುತ್ತಿರುವವರು ಪರಸ್ಪರ ಬಾಂಡ್ಲಿ ಲೆಕ್ಕದಲ್ಲಿ ಮರಳು, ಮೂಟೆ ಲೆಕ್ಕದಲ್ಲಿ ಸಿಮೆಂಟು, ಹಿಡಿ ಲೆಕ್ಕದಲ್ಲಿ ಬೈಂಡಿಂಗ್ ವೈರು ಕೊಟ್ಟು ತೆಗೆದುಕೊಳ್ಳುತ್ತಾರೆ. ಮರಳಿನ ಸಾಲಕ್ಕೆ ಲೆಕ್ಕಪತ್ರವಿಲ್ಲ. ಕೇಳಿದ್ದು ಹತ್ತು ಬಾಂಡ್ಲಿಯಾದರೆ ಹೋಗುವುದು ಹದಿನೈದು, ಮರಳುವುದು ಎಂಟು. ಸಿಮೆಂಟಿನಲ್ಲಿ ಮಾತ್ರ ಬಿಗಿಯಿದೆ. ಎಷ್ಟನೆಯ ವಾರ, ಯಾವ ವರ್ಷ ತುಂಬಿದ್ದು ಎಂದು ಮೂಟೆಯ ಮೇಲೆ ಅಚ್ಚಾಗಿರುತ್ತದೆ. ವಾಪಸು ಬಂದ ಮೂಟೆಯನ್ನು ಕೊಟ್ಟವರು ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿ, ಆ ಅಂಕಿಯನ್ನು ಓದಿಯೇ ಒಳಗಿಡಿಸುತ್ತಾರೆ.