ಬಾಗಿಲಿನಿಂದ ಬರ್ರಿ ಕಾಕೂ

ಸುಣ್ಣದ ಪುಡಿಯ ಡಬ್ಬಿ ಹಿಡಿದು ಏಪ್ರಿಲ್ ತಿಂಗಳ ಒಂದು ಭಾನುವಾರ ನಾನು ಮಾಳಿಗೆ ಹತ್ತಿದಾಗ ಮನೆಯಲ್ಲಿ ನಾಲ್ಕು ಜನ ಎಚ್ಚರವಾಗಿಯೇ ಇದ್ದರು. ಒಬ್ಬರಾದರೂ ತಡೆಯಬಹುದಿತ್ತು. ತಡೆಯಲಿಲ್ಲ. ಆದ್ದರಿಂದ ಮುಂದೆ ನಡೆದದ್ದರಲ್ಲಿ ಅವರದೂ ಪಾಲಿದೆ ಎಂಬುದು ನನ್ನ ವಾದ. ಮನೆಯಲ್ಲಿ ಇದನ್ನು ಇನ್ನೂ ಯಾರೂ ಒಪ್ಪಿಲ್ಲ.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಹದಿನಾಲ್ಕು ವರ್ಷಗಳಿಂದ ಉಬ್ಬರವಿಳಿತ, ಸಾಗರ ಪ್ರವಾಹ, ಮಾನ್ಸೂನ್ ಮಾರುತ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ಸಮುದ್ರದಲ್ಲಿ ಮಾತ್ರ ಮೊಣಕಾಲಿಗಿಂತ ಮೇಲೆ ಒದ್ದೆಯಾದವನಲ್ಲ. ಹೀಗೆ ನೆಮ್ಮದಿಯಾಗಿದ್ದ ನನ್ನ ಮುಂದೆ ಸಹೋದ್ಯೋಗಿಯೊಬ್ಬರು ಕ್ರೂಜ್‌ಗೆ ಹೋಗಿ ಬಂದು ಸ್ಟಾಫ್ ರೂಮಿನಲ್ಲಿ ಮೊಬೈಲು ಬಿಚ್ಚಿದರು. ಫೋಟೋಗಳಿಗೆ ಕೊನೆಯೇ ಇರಲಿಲ್ಲ. ಹಾಸಿಗೆಯ ಮೇಲೆ ಟವೆಲ್ ಮಡಚಿ ಮಾಡಿದ ಆನೆಯೊಂದನ್ನೇ ಹನ್ನೆರಡು ಕಡೆಯಿಂದ ತೆಗೆದಿದ್ದರು. ‘ನಿಮಗೆಲ್ಲಿ ಆಗಬೇಕು ಬಿಡ್ರಿ, ಸಣ್ಣ ಹುಡುಗ, ವಯಸ್ಸಾದ ತಂದೆ ತಾಯಿ’ ಎಂದು ಕನಿಕರಪಟ್ಟರು. ಆ ಕನಿಕರ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ದೀಪಾವಳಿ ರಜೆಗೆ ಐದೂ ಜನ ಹಡಗು ಹತ್ತುವುದೇ ಸೈ ಎಂದು ಅಂದೇ ತೀರ್ಮಾನಿಸಿದೆ. ದೀಪಾವಳಿ ಇನ್ನೂ ಆರೇಳು ತಿಂಗಳು ದೂರವಿತ್ತು.

ಮಗನಿಗೆ ಆಗ ಆರು ವರ್ಷ. ಅವನ ಬೇಡಿಕೆ ಜಾರುಬಂಡಿ ಮತ್ತು ಕ್ಯಾಪ್ಟನ್. ಹೆಂಡತಿಯದು ಒಂದೇ ಷರತ್ತು: ಮೂರು ದಿನ ಒಲೆಯ ಮುಖ ನೋಡುವುದಿಲ್ಲ. ಅವ್ವ ಮೂಡಲಗಿಯ ಮಗಳು, ಉಳ್ಳಾಗಡ್ಡಿ ಇಲ್ಲದೆ ಅವಳಿಗೆ ಊಟ ಸೇರುವುದಿಲ್ಲ. ಟ್ರಾವೆಲ್ ಏಜೆಂಟ್ ‘ವೆಜ್ ಐತ್ರಿ, ಜೈನ್ ಫುಡ್ ಸೈತ ಐತ್ರಿ’ ಎಂದು ಹೆಮ್ಮೆಯಿಂದ ಹೇಳಿದಾಗ ಅವಳು, ‘ಉಳ್ಳಾಗಡ್ಡಿ ಹಾಕಿದ್ದು ಐತ್ಯೋ ಇಲ್ಲೋ ಅಷ್ಟ ಹೇಳಪಾ’ ಅಂದಳು. ಆ ಮನುಷ್ಯ ಮೊದಲು ಒಂದು ರೇಟು ಹೇಳಿ ‘ಎಲ್ಲಾ ಸೇರಿ’ ಎಂದಿದ್ದ. ಆಮೇಲೆ ಬಂದರಿನ ಶುಲ್ಕ, ಜಿಎಸ್‌ಟಿ, ಹಡಗಿನ ಸಿಬ್ಬಂದಿಯ ಟಿಪ್ಸು ಎಂದು ಒಂದೊಂದಾಗಿ ಹೊರತೆಗೆದ. ಅಪ್ಪ, ‘ಕಬ್ಬಿನ ಬಿಲ್ಲಿನ್ಯಾಗ ಕಟಾವು, ಸಾಗಾಣಿಕಿ ಮುರದಂಗ ಆತಲಾ ಇದು’ ಎಂದರು. ಇಲ್ಲಿ ಮುರಿಯುವುದಿಲ್ಲ, ಕೂಡಿಸುತ್ತಾರೆ ಎಂದು ನಾನು ತಿದ್ದಿದೆ. ಅದರಿಂದ ನನ್ನ ಪಕ್ಷಕ್ಕೆ ಲಾಭವೇನೂ ಆಗಲಿಲ್ಲ.

ಅಪ್ಪ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೂತು ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದವರು. ಯಾವ ವಸ್ತು ಕಂಡರೂ ಅವರ ಮೊದಲ ಪ್ರಶ್ನೆ ತೂಕದ್ದು. ಮುಂಬೈಯಿಂದ ಗೋವಾಕ್ಕೂ ಲಕ್ಷದ್ವೀಪಕ್ಕೂ ಹೋಗುವ ‘ಎಂಪ್ರೆಸ್’ ಎಂಬ ಹಡಗಿನ ಚರಿತ್ರೆಯನ್ನು ನಾನು ಗಟ್ಟಿ ಮಾಡಿಟ್ಟುಕೊಂಡಿದ್ದೆ. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಬಂದು, ಕೆರಿಬಿಯನ್ ಕಡೆಯ ನೀರು ಕುಡಿದು, 2021ರಲ್ಲಿ ನಮ್ಮ ಕರಾವಳಿಗೆ ಬಂದ ಹಡಗು ಎಂದೆ. ಅಪ್ಪನಿಗೆ ಅದ್ಯಾವುದೂ ಬೇಡ. ‘ಎಷ್ಟು ಟನ್?’

‘48 ಸಾವಿರಕ್ಕೂ ಮಿಕ್ಕಿ.’

ಅಪ್ಪ ಬ್ರೋಶರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕತೊಡಗಿದರು. ಒಂದು ಟ್ರ್ಯಾಕ್ಟರಿನ ಎರಡು ಟ್ರೇಲರಿಗೆ ಇಷ್ಟು ಟನ್ ಕಬ್ಬು, ದಿನಕ್ಕೆ ಇಷ್ಟು ಗಾಡಿ, ಹಾಗಾದರೆ ಹಡಗು ಎಂದರೆ ಎಷ್ಟು ದಿನದ ನುರಿಸುವಿಕೆ? ಮುಖ ಅರಳಿತ್ತು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಮಾಸ್ತರಿಕೆ ಬಿಡಬೇಕಲ್ಲ. ಹಡಗಿನ ‘ಗ್ರಾಸ್ ಟನೇಜ್’ ತೂಕವಲ್ಲ, ಅದರೊಳಗಿನ ಜಾಗದ ಅಳತೆ. ಹಿಂದೆ ಯುರೋಪಿನವರು ಹಡಗಿನಲ್ಲಿ ಎಷ್ಟು ದ್ರಾಕ್ಷಾರಸದ ಪೀಪಾಯಿ ಹಿಡಿಯುತ್ತದೆ ಎಂದು ಎಣಿಸುತ್ತಿದ್ದರು, ಆ ಪೀಪಾಯಿಗೆ ‘ಟನ್’ ಎನ್ನುತ್ತಿದ್ದರು, ಹೆಸರು ಹಾಗೇ ಉಳಿಯಿತು ಎಂದು ವಿವರಿಸಿದೆ.

‘ಅಂದ್ರ ಟನ್ ಅಂದ್ರ ತೂಕ ಅಲ್ಲ?’

‘ಹಡಗಿಗೆ ಅಲ್ಲಪ್ಪಾ.’

‘ಕುಡಿಯೋ ಪೀಪಾಯಿ?’

ಪೆನ್ಸಿಲು ಕೆಳಗಿಟ್ಟರು. ಮೂವತ್ತು ವರ್ಷದ ಸೇವೆಯ ಮೇಲೆ ಯಾರೋ ನೀರು ಸುರಿದಂತೆ ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂತು: ‘ಗೋವಾ ನಮಗ ಚೋರ್ಲಾ ಘಾಟ ಇಳದ್ರ ಬಂತು. ಗೋವಾಕ್ಕ ಹೋಗಾಕ ಮುಂಬೈಗೆ ಯಾಕ ಹೋಗಬೇಕು?’ ಭೂಗೋಳದ ಮಾಸ್ತರನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ.

ಹುಕ್ಕೇರಿಯಿಂದ ಮಾವನವರ ಫೋನೂ ಬಂತು. ಸ್ಪೀಕರ್ ಹಾಕಿದ್ದೆವು. ‘ಅಳಿಯಂದ್ರ, ನಮ್ಮ ಹಿಡಕಲ್ ಡ್ಯಾಮಿನ್ಯಾಗ 51 ಟಿಎಂಸಿ ನೀರ ನಿಂದರತೈತಿ. ಅದನ್ನ ಬಿಟ್ಟ ಉಪ್ಪನೀರ ನೋಡಾಕ ಹೊಂಟೀರಿ?’ ಅಪ್ಪ ಬಾಯಿ ಹಾಕಿದರು: ‘ಬೀಗರ, ನೀವು ಅಲ್ಲಿ ಗೇಟ್ ತಗದ್ರ ಸಾಕು, ಹಡಗ ನಮ್ಮ ಬಾಗಿಲಿಗೇ ಬರತೈತಿ.’ ಎರಡೂ ಕಡೆ ನಗೆಯೋ ನಗೆ. ಅವ್ವ ಎದ್ದು ಒಳಗೆ ಹೋದಳು. ಹಾಲು ಉಕ್ಕಿತೇನೋ ಅಂದುಕೊಂಡೆ.

ಇನ್ನು ಸುಣ್ಣದ ವಿಷಯ. ಹಡಗಿನಲ್ಲಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಕಿಟಕಿಗೆ ಹೆಚ್ಚು, ಬಾಲ್ಕನಿಗೆ ಇನ್ನೂ ಹೆಚ್ಚು. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಬೆಳಗಾವಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ತಲೆ ಟಾಪಿಗೆ ಬಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಐದು ಜನ, ಅಗ್ಗದ ಎರಡು ಕ್ಯಾಬಿನ್, ಅದರಲ್ಲಿ ಮೂರು ರಾತ್ರಿ: ಹಿಡಿಸುತ್ತದೆಯೇ? ಒಂದು ಕ್ಯಾಬಿನ್ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ ಎಂದು ಹಿಡಿದು ಮಾಳಿಗೆಯ ಮೇಲೆ ಟೇಪು ಎಳೆದು ಸುಣ್ಣದ ಗೆರೆ ಹಾಕಿದೆ. ಕಬಡ್ಡಿ ಅಂಕಣ ಹಾಕಿ ರೂಢಿಯಿದ್ದ ಕೈ, ಗೆರೆ ನೇರವಾಗಿಯೇ ಬಂತು. ಮೂಲೆಯಲ್ಲಿ ಬಚ್ಚಲು. ಒಂದು ಕಡೆ ಎರಡಡಿ ಜಾಗ ಬಿಟ್ಟು ಬಾಗಿಲು. ಹೊರಗೆ ಉದ್ದಕ್ಕೆ ಕಾರಿಡಾರು. ಅದರಾಚೆ ಪಕ್ಕದ ಮನೆಯ ಕಾಕು ಒಣಹಾಕಿದ್ದ ಮೆಣಸಿನಕಾಯಿ. ಅದನ್ನು ಸಮುದ್ರವೆಂದು ಘೋಷಿಸಿದೆ. ಕೆಂಪು ಸಮುದ್ರ ಎಂಬ ಹಾಸ್ಯವನ್ನೂ ಮಾಡಿದೆ. ಯಾರೂ ನಗಲಿಲ್ಲ.

ರಾತ್ರಿ ಊಟವಾದ ಮೇಲೆ ಐವರೂ ಚಾಪೆ, ಕೌದಿ ಹೊತ್ತು ಹಡಗು ಹತ್ತಿದೆವು. ದುಡ್ಡು ಉಳಿಸಿ ಒಂದೇ ಕ್ಯಾಬಿನ್ನಿನಲ್ಲಿ ಐವರು ಹಿಡಿಸಿದರೆ ಹೇಗೆ ಎಂಬ ದುರಾಸೆ ಅಷ್ಟರಲ್ಲಿ ನನ್ನೊಳಗೆ ಹುಟ್ಟಿತ್ತು, ನಿಯಮ ಅದಕ್ಕೆ ಒಪ್ಪುತ್ತದೋ ಇಲ್ಲವೋ ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಅವ್ವ ಸುತ್ತ ನೋಡಿ, ‘ಕಿಡಕಿ ಎಲ್ಲೈತೋ?’ ಎಂದಳು. ಇದು ಕಿಟಕಿಯಿಲ್ಲದ ಖೋಲಿ ಎಂದೆ. ‘ಕಿಡಕಿ ಇಲ್ಲದ ಖೋಲಿಗಿ ಇಷ್ಟ ರೊಕ್ಕಾ? ನಮ್ಮ ದನದ ಕೊಟ್ಟಿಗಿಗೆ ಎರಡ ಅದಾವಲ್ಲೋ.’ ತಲೆಯ ಮೇಲೆ ಇಡೀ ಆಕಾಶ, ನಕ್ಷತ್ರ, ಗಾಳಿ. ಆದರೂ ಅವಳಿಗೆ ಉಸಿರು ಕಟ್ಟಿತು. ಸುಣ್ಣದ ಗೆರೆಗೆ ಇಷ್ಟು ಶಕ್ತಿ ಇದೆಯೆಂದು ನನಗೂ ಗೊತ್ತಿರಲಿಲ್ಲ.

ಆ ಶಕ್ತಿಯನ್ನು ಪೂರ್ತಿ ನಂಬಿದವನು ಮಗ. ಅಪ್ಪ ನೀರಡಿಕೆಯಾಗಿ ಎದ್ದು ಸೀದಾ ಹೊರಟರು. ‘ಅಜ್ಜಾ! ಗ್ವಾಡಿ!’ ಎಂದು ಚೀರಿದ. ಅಪ್ಪ ಗೆರೆಯ ಮೇಲೆ ಒಂದು ಕಾಲೆತ್ತಿ ಹಾಗೇ ನಿಂತರು. ಎಪ್ಪತ್ತರ ಹಿರಿಯರು ಗಾಳಿಯಲ್ಲಿ ಕಾಲಿಟ್ಟುಕೊಂಡು ಮೊಮ್ಮಗನ ಅಪ್ಪಣೆಗೆ ಕಾಯುವುದು ನೋಡುವಂಥ ನೋಟ. ಸುತ್ತಿ ಬಾಗಿಲಿಗೆ ಬಂದರು. ಬಾಗಿಲು ತೆಗೆಯಬೇಕಂತೆ. ತೆಗೆದರು. ಹಾಕಬೇಕಂತೆ. ಹಾಕಿದರು. ಮರಳಿ ಬಂದಾಗ ತಟ್ಟಬೇಕು. ಗಾಳಿಗೆ ತಟ್ಟಿದರೆ ಸದ್ದಾಗುವುದಿಲ್ಲವಾದ್ದರಿಂದ ಬಾಯಿಂದ ‘ಟಕ್ ಟಕ್’ ಅನ್ನಬೇಕು. ಅಪ್ಪ ಅಂದರು. ‘ಯಾರು?’ ಎಂದು ಒಳಗಿನಿಂದ ಪ್ರಶ್ನೆ. ‘ನಾನಪಾ, ನಿಮ್ಮಜ್ಜ.’ ‘ಟಿಕೆಟ್?’ ಅಪ್ಪ ಬನಿಯನ್ನಿನಲ್ಲಿ ಕಿಸೆ ಹುಡುಕಿದರು. ಬರಿ ಅಂಗೈ ಚಾಚಿದರು. ಮಗ ಆ ಅಂಗೈಯನ್ನು ದೀಪಕ್ಕೆ ಹಿಡಿದು ಓದಿ, ‘ಇದು ನಿನ್ನಿದು’ ಎಂದು ತಿರಸ್ಕರಿಸಿದ. ಹೆಂಡತಿ ಕೌದಿಯೊಳಗೆ ಮುಖ ಮುಚ್ಚಿ ನಗುತ್ತಿದ್ದಳು. ಹಡಗಿನ ಒಡೆಯ ನಾನು. ಆದರೆ ಅಧಿಕಾರ ಕೈತಪ್ಪಿ ಹೋಗಿತ್ತು.

ಅಷ್ಟರಲ್ಲಿ ಮೆಣಸಿನಕಾಯಿ ಬಳಿದುಕೊಳ್ಳಲು ಕಾಕು ಮೊರ ಹಿಡಿದು ಮಾಳಿಗೆ ದಾಟಿ ಬಂದರು. ‘ಬಾಗಿಲಿನಿಂದ ಬರ್ರಿ ಕಾಕೂ!’ ಕಾಕು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಾಗಿಲು ಎಲ್ಲಿಯೂ ಕಾಣದೆ ಎರಡು ಹೆಜ್ಜೆ ಮುಂದಿಟ್ಟು ಮೆಣಸಿನಕಾಯಿ ರಾಶಿಯ ನಡುವೆ ನಿಂತರು. ‘ಕಾಕು ಸಮುದ್ರದಾಗ ಬಿದ್ರು!’ ಎಂದು ಮಗ ಕೂಗಿದ. ನಾಲ್ಕು ಮನೆಗಳ ಮಾಳಿಗೆಯ ಮೇಲೆ ಮಲಗಿದ್ದವರು ಎದ್ದು ಕೂತರು. ‘ಯಾರ ಬಿದ್ರ್ಯೋ?’ ಎಂದು ಓಣಿಯಿಂದ ಯಾರೋ ಕೇಳಿದರು. ಮೊರ ಹಿಡಿದು ಎದೆಮಟ್ಟದ ಸಮುದ್ರದಲ್ಲಿ ನಿಂತ ಕಾಕು, ‘ನಾನ ಬಿದ್ದೀನಂತ ನೋಡ್ರಿ’ ಎಂದು ತಾವೇ ಉತ್ತರ ಕೊಟ್ಟರು.

ಮನುಷ್ಯರು ನೀರಿಗೆ ಬಿದ್ದ ಮೇಲೆ ನನ್ನ ತಲೆಗೆ ಸುರಕ್ಷತೆ ಹೊಕ್ಕಿತು. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ಮಗುಚಿದಾಗ ಅದರಲ್ಲಿದ್ದ ಹಲವರಿಗೆ ಆಪತ್ತಿನ ತಾಲೀಮೇ ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ತಾಲೀಮು ಮಾಡಿಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ಇದನ್ನು ಕಾಕುವನ್ನೂ ಸೇರಿಸಿ ಎಲ್ಲರಿಗೂ ಪಾಠ ಮಾಡಿದೆ. ಲೈಫ್ ಜಾಕೆಟ್ಟಿನ ಬದಲಿಗೆ ಕೇಸರಿ ಗೌಸಣಿಗೆಯ ಒಂದು ದಿಂಬು ತೆಗೆದು ಮಗನ ಎದೆಗೆ ಇಟ್ಟು ಟವೆಲಿನಿಂದ ಬಿಗಿದು ಕಟ್ಟಿದೆ. ದಿಂಬು ದೊಡ್ಡದಾಯಿತು, ಮುಖ ಮೂಗಿನವರೆಗೆ ಮುಚ್ಚಿತು. ಮಗ ಕಿಸಕ್ಕೆಂದು ನಕ್ಕ.

‘ಬಿಚ್ಚ ಅದನ್ನ’ ಎಂದಳು ಅವ್ವ.

ತಮಾಷೆಗೆ ಅಂದುಕೊಂಡು ಇನ್ನೊಂದು ಗಂಟು ಹಾಕಹೋದೆ. ಅವಳೇ ಎದ್ದು ಬಂದು ಗಂಟು ಬಿಚ್ಚಿದಳು. ಕೈ ನಡುಗುತ್ತಿತ್ತು.

2019ರ ಆಗಸ್ಟಿನಲ್ಲಿ ಘಟಪ್ರಭೆಗೆ ಮಾರ್ಕಂಡೇಯವೂ ಕೂಡಿಕೊಂಡು ಗೋಕಾಕದೊಳಗೆ ನೀರು ಬಂದಾಗ ನಮ್ಮ ಮನೆ ನದಿ ಕಡೆಯ ಓಣಿಯಲ್ಲಿತ್ತು. ನಾನು ಆ ಹೊತ್ತು ಶಾಲೆಯಲ್ಲಿ ಗಂಜಿ ಕೇಂದ್ರಕ್ಕೆ ಬಂದವರ ಪಟ್ಟಿ ಬರೆಯುತ್ತಿದ್ದೆ. ಮನೆಯವರನ್ನು ರಬ್ಬರ್ ದೋಣಿಯಲ್ಲಿ ಕರೆತಂದರೆಂಬುದು ಗೊತ್ತಿತ್ತು, ಅವರ ಹೆಸರನ್ನೂ ಪಟ್ಟಿಯಲ್ಲಿ ನಾನೇ ಬರೆದಿದ್ದೆ. ದೋಣಿಯೊಳಗೆ ಏನಾಯಿತೆಂದು ಎಂದೂ ಕೇಳಿರಲಿಲ್ಲ. ಒಂದೂವರೆ ವರ್ಷದ ಕೂಸಿಗೆ ದೊಡ್ಡವರ ಜಾಕೆಟ್ಟು ತೊಡಿಸಿದ್ದರಂತೆ. ಮೂಗಿನವರೆಗೆ ಮುಚ್ಚಿತ್ತಂತೆ. ಕೂಸು ಅಳಲಿಲ್ಲವಂತೆ. ‘ಅತ್ತಿದ್ರ ಉಸರಾಡಾಕತ್ತೈತಿ ಅಂತ ಗೊತ್ತಾಕ್ಕಿತ್ತು. ಅಳಲಿಲ್ಲ. ಅದಕ್ಕ ನಾ ಹಾದಿ ತುಂಬಾ ಚೂಟಿಕೋತ ಬಂದ್ನಿ’ ಅಂದಳು ಅವ್ವ.

ಯಾರೂ ಮಾತಾಡಲಿಲ್ಲ. ಕಾಕು ಮೊರ ಕೆಳಗಿಟ್ಟರು. ಮಗ ಮಾತ್ರ ಕಣ್ಣರಳಿಸಿ, ‘ಆಯೀ, ನಾ ಬೋಟನ್ಯಾಗ ಕುಂತಿದ್ನ್ಯಾ? ಡ್ರೈವರ್ ಬಾಜೂಕ?’ ಎಂದ. ‘ಹೂಂನಪಾ, ಬಾಜೂಕ’ ಎಂದು ಅವ್ವ ಸುಳ್ಳು ಹೇಳಿದಳು.

ಆಗ ಅಪ್ಪನೂ ಬಾಯಿ ಬಿಟ್ಟರು. ಹುಡುಗಾಟದ ವಯಸ್ಸಿನಲ್ಲಿ ಮುಂಬೈಯಿಂದ ಪಣಜಿಗೆ ‘ಕೊಂಕಣ ಸೇವಕ’ ಎಂಬ ಸ್ಟೀಮರಿನಲ್ಲಿ ಬಂದಿದ್ದರಂತೆ. ಡೆಕ್ಕಿನ ಮೇಲೆ ಚಾಪೆ ಹಾಸಿ, ಇಡೀ ರಾತ್ರಿ ವಾಂತಿ ಮಾಡಿಕೊಳ್ಳುತ್ತ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ‘ನೀ ತೂಕ ಹೇಳಾಕತ್ತಿದ್ಯಲಾ, ಸುಮ್ಮನಾದ್ನಿ’ ಎಂದರು. ಹಡಗು ಹತ್ತಿದವರು ಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು, ಹತ್ತದವನು ಡಬ್ಬಿ ಹಿಡಿದು ಗೆರೆ ಹಾಕಿದ್ದ.

ದೀಪಾವಳಿಗೆ ಚೋರ್ಲಾ ಘಾಟ ಇಳಿದು ಪಣಜಿಗೆ ಹೋದೆವು. ಮಾಂಡೋವಿ ನದಿಯಲ್ಲಿ ಸಂಜೆ ಒಂದು ತಾಸು ತಿರುಗಿಸಿ ತರುವ ದೋಣಿ ಹತ್ತಿದೆವು. ಎರಡೂ ದಂಡೆ ಕಾಣುತ್ತವೆ ಎಂಬ ಭರವಸೆಯ ಮೇಲೆ ಅವ್ವ ಬಂದಳು. ಹತ್ತಿದವಳೇ ಮೊದಲು ಜಾಕೆಟ್ಟುಗಳಿರುವ ಜಾಗ ಹುಡುಕಿ, ಸಣ್ಣವರ ಅಳತೆಯವು ಎಷ್ಟಿವೆ ಎಂದು ಎಣಿಸಿ ಬಂದು ಕೂತಳು. ಮೈಕಿನವನು ಮಕ್ಕಳನ್ನು ಕುಣಿಯಲು ಕರೆದ, ಮಗ ಹೋಗಲಿಲ್ಲ. ಟಿಕೆಟ್ ಹರಿಯುವವನ ಪಕ್ಕ ನಿಂತು ಬಂದವರನ್ನೆಲ್ಲ ತಪಾಸಣೆ ಮಾಡುತ್ತಿದ್ದ. ಜೋಡಿಗಳನ್ನು ಕರೆದಾಗ ಹೆಂಡತಿ ನನ್ನನ್ನು ನೋಡಿದಳು. ನನಗೆ ತಲೆ ಸುತ್ತುತ್ತಿತ್ತು. ಅಷ್ಟು ಶಾಂತ ನದಿಯಲ್ಲಿ ಐವರಲ್ಲಿ ವಾಂತಿ ಮಾಡಿಕೊಂಡವನು ನಾನೊಬ್ಬನೇ. ಅಪ್ಪ ಕಿಸೆಯಿಂದ ನಿಂಬೆಹಣ್ಣು ತೆಗೆದು ಕೊಟ್ಟರು, ಮನೆಯಿಂದಲೇ ತಂದಿದ್ದರಂತೆ.

ಮುಂಬೈ ಹಡಗುಗಳ ಬಣ್ಣದ ಬ್ರೋಶರುಗಳು ನಾಲ್ಕು ನನ್ನ ಹತ್ತಿರ ಹಾಗೇ ಬಿದ್ದಿವೆ. ಮಕ್ಕಳು, ತಂದೆ ತಾಯಿಯನ್ನು ಕರೆದುಕೊಂಡು ಹೋಗುವ ವಿಚಾರವಿದ್ದವರು ಗೋಕಾಕಕ್ಕೆ ಬಂದರೆ ಒಯ್ಯಬಹುದು. ಒಂದರ ಹಿಂದೆ ಅಪ್ಪನ ಕಬ್ಬಿನ ಲೆಕ್ಕವಿದೆ. ಅದೊಂದನ್ನು ದಯವಿಟ್ಟು ವಾಪಸು ತಂದುಕೊಡಿ, ಅವರು ಆಗಾಗ ಕೇಳುತ್ತಿರುತ್ತಾರೆ.