ಹುಡುಗನಿಗೆ ಸಂಬಳ ಎಷ್ಟು?

ಹೆಣ್ಣು ಕೊಡುವವರು ಮೊದಲು ಏನು ಕೇಳುತ್ತಾರೆ? ಜಾತಕ ಆಮೇಲೆ. ಗೋತ್ರ ಆಮೇಲೆ. ಮೊದಲು ಸಂಬಳ. ಇದನ್ನು ಕಂಡು ಇಂಗ್ಲೆಂಡಿನವರು ತಲೆತಲಾಂತರದಿಂದ ಮೂಗು ಮುರಿದಿದ್ದಾರೆ. ಇವರದು ಮದುವೆಯಲ್ಲ, ದನದ ಜಾತ್ರೆ ಅಂದುಕೊಂಡಿದ್ದಾರೆ.

ಈಗ ಅದೇ ಇಂಗ್ಲೆಂಡಿನ ಗೃಹ ಇಲಾಖೆ ನಮ್ಮ ಪಡಸಾಲೆಯಲ್ಲಿ ಸೋದರಮಾವನ ಕುರ್ಚಿ ಎಳೆದುಕೊಂಡು ಕೂತಿದೆ. ಕಾಲ ಮೇಲೆ ಕಾಲು ಹಾಕಿದೆ. ಕೇಳುತ್ತಿದೆ: ಹುಡುಗನಿಗೆ ಸಂಬಳ ಎಷ್ಟು?

ನಮ್ಮ ಸೋದರಮಾವನೇ ವಾಸಿ. ಸಂಬಳ ಕಡಿಮೆ ಅಂದರೆ ಮುಖ ಸಿಂಡರಿಸಿ, ಕೇಸರಿಬಾತ್ ತಿಂದು ಎದ್ದು ಹೋಗುತ್ತಾನೆ. ಪ್ರಶ್ನೆ ಕೇಳಿದ್ದಕ್ಕೆ ಶುಲ್ಕ ಕೇಳುವುದಿಲ್ಲ.

ನನ್ನ ಅಕ್ಕನ ಮಗಳು ಮೈಸೂರಿನವಳು. ಇಂಗ್ಲಿಷ್ ಎಂ.ಎ. ಓದಿದವಳು. ಐದು ವರ್ಷದ ಹಿಂದೆ ತನ್ನ ಶಾಲೆಗೇ ಪಾಠ ಹೇಳಲು ಬಂದಿದ್ದ ಇಂಗ್ಲೆಂಡಿನ ಹುಡುಗನನ್ನು ಕಟ್ಟಿಕೊಂಡಳು. ಹುಡುಗ ಲೀಡ್ಸ್ ಕಡೆಯವನು. ಸಾರು ಕಲಸಿಕೊಳ್ಳಲು ಕಲಿತ. ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು ಸಾಕು' ಅನ್ನಲು ಕಲಿತ. ನಮ್ಮವನೇ ಆದ.

ಲೀಡ್ಸಿನಲ್ಲಿ ಅವನ ತಾಯಿಗೆ ಎಪ್ಪತ್ತೆಂಟು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಬ್ಬನೇ ಮಗ. ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿಕೊಳ್ಳೋಣ ಅಂತ ತೀರ್ಮಾನಿಸಿದರು. ಅವರು ಮಾಡಿದ ಅಪರಾಧ ಇಷ್ಟೇ.

ಮಗ ಬರಬಹುದು. ಪಾಸ್‌ಪೋರ್ಟ್ ಇದೆ, ಹುಟ್ಟಿದ ನೆಲ. ಹೆಂಡತಿ ಬರಬೇಕಾದರೆ ಅವನು ವರ್ಷಕ್ಕೆ 29,000 ಪೌಂಡ್ ದುಡಿಯುವವನಾಗಿರಬೇಕು. 2024ರ ಏಪ್ರಿಲ್ 11ರಿಂದ ಇದು ಕಾನೂನು. ಹನ್ನೆರಡು ವರ್ಷ ಇದೇ ಮೊತ್ತ 18,600 ಇತ್ತು. ಒಂದೇ ಏಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಏರಿತು. ಈರುಳ್ಳಿ ಬೆಲೆಯೂ ಇಷ್ಟು ನಾಚಿಕೆಗೆಟ್ಟು ಏರಿದ್ದನ್ನು ನಾನು ಕಂಡಿಲ್ಲ.

ಪರದೇಶದಲ್ಲಿರುವ ಗಂಡನಿಗೆ ಬೀಗ ಒಂದಲ್ಲ, ಎರಡು. ಸಂಬಳದ ಲೆಕ್ಕದಲ್ಲಿ ಹೋಗುವುದಾದರೆ ಈಗ ಇರುವ ಊರಿನಲ್ಲೂ ಅವನು ಆ ಮೊತ್ತ ದುಡಿಯುತ್ತಿರಬೇಕು. ವಾಪಸ್ಸಾದ ಮೂರು ತಿಂಗಳೊಳಗೆ ಶುರುವಾಗುವ, ಅಷ್ಟೇ ಸಂಬಳದ ಕೆಲಸವೂ ಬ್ರಿಟನ್ನಿನಲ್ಲಿ ಅವನ ಕೈಯಲ್ಲಿರಬೇಕು.

29,000 ಪೌಂಡ್ ಅಂದರೆ ಮೂವತ್ತು ಲಕ್ಷ ರೂಪಾಯಿಗೂ ಮೇಲೆ. ಮೈಸೂರಿನಲ್ಲಿ ಯಾವ ಮೇಷ್ಟರಿಗೆ ಮೂವತ್ತು ಲಕ್ಷ? ಹೆಡ್‌ಮೇಷ್ಟರ ಸಂಬಳ ಸೇರಿಸಿದರೂ ಮುಟ್ಟದು. ಅಟೆಂಡರ್, ಡ್ರೈವರ್, ಗೇಟು ಕಾಯುವವನನ್ನು ಸೇರಿಸಿದರೆ ಹತ್ತಿರ ಬರಬಹುದು.

ಹೆಂಡತಿಯೂ ದುಡಿಯುತ್ತಾಳಲ್ಲ? ಅವಳ ಸಂಬಳ ಲೆಕ್ಕಕ್ಕಿಲ್ಲ. ನಾಳೆ ಅಲ್ಲಿ ಹೋಗಿ ಎಷ್ಟು ದುಡಿದಾಳು ಅನ್ನುವುದೂ ಲೆಕ್ಕಕ್ಕಿಲ್ಲ. ಹೆಣ್ಣು ಸ್ವತಂತ್ರವಾಗಿ ದುಡಿಯಬೇಕು ಅಂತ ಜಗತ್ತಿಗೆ ಪಾಠ ಹೇಳುವ ದೇಶ ಇದು. ಅರ್ಜಿ ನಮೂನೆಯಲ್ಲಿ ಮಾತ್ರ ಗಂಡನ ಅನ್ನದಲ್ಲೇ ಬದುಕಬೇಕು.

ಇದಕ್ಕೂ ದಾರಿ ಇದೆ ಅಂದ ಒಬ್ಬ ವೀಸಾ ಪಂಡಿತ. ಹುಡುಗ ಮೊದಲು ಒಬ್ಬನೇ ಹೋಗಲಿ. ಆರು ತಿಂಗಳು ಕೆಲಸ ಮಾಡಿ ಸಂಬಳದ ಚೀಟಿ ಗುಡ್ಡೆ ಹಾಕಲಿ. ಆಮೇಲೆ ಅರ್ಜಿ. ಆಮೇಲೆ ಕಾಯುವುದು. ಅಂದರೆ ತಾಯಿಯನ್ನು ನೋಡಿಕೊಳ್ಳಲು ಹೋದವನು ತಾಯಿಯನ್ನು ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋಗಬೇಕು. ನೋಡಿಕೊಳ್ಳಲು ಸಿದ್ಧಳಿರುವವಳು ಮೈಸೂರಿನಲ್ಲಿ ಕೂತಿರಬೇಕು. ಅದ್ಭುತ ಯೋಜನೆ. ನಮ್ಮ ನಗರಪಾಲಿಕೆಯವರಿಗೂ ಹೊಳೆಯುತ್ತಿರಲಿಲ್ಲ.

ಇನ್ನೊಂದು ದಾರಿಯೂ ಇದೆ. ಬ್ಯಾಂಕಿನಲ್ಲಿ 88,500 ಪೌಂಡ್ ನಗದು ಆರು ತಿಂಗಳು ಅಲುಗಾಡದೆ ಬಿದ್ದಿದ್ದರೆ ಯಾರೂ ಸಂಬಳ ಕೇಳುವುದಿಲ್ಲ. ಕೆಲಸವೂ ಬೇಡ. ಬಡವನ ಪ್ರೀತಿಯನ್ನು ಪರೀಕ್ಷೆ ಮಾಡಬೇಕು, ಸಾಹುಕಾರನದು ಹುಟ್ಟಿನಿಂದಲೇ ಪವಿತ್ರ.

ಇನ್ನು ಅವರದೇ ಲೆಕ್ಕ ನೋಡಿ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ವಾರಕ್ಕೆ ಮೂವತ್ತೇಳೂವರೆ ಗಂಟೆಯಂತೆ ವರ್ಷವಿಡೀ ದುಡಿದರೆ ಸುಮಾರು 23,800. ಒಬ್ಬ ಮನುಷ್ಯ ಬದುಕಲು ಇಷ್ಟು ಸಾಕು ಅಂತ ನಿಗದಿ ಮಾಡಿದ್ದು ಸರ್ಕಾರ. ಇಷ್ಟರಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ ಅಂದದ್ದೂ ಅದೇ ಸರ್ಕಾರ. ಗುಡಿಸು, ಒರೆಸು, ತೆರಿಗೆ ಕಟ್ಟು. ಸಂಸಾರ ಮಾತ್ರ ನಿನ್ನ ಯೋಗ್ಯತೆಯಲ್ಲ.

ಯಾಕಪ್ಪಾ ಈ ನಿಯಮ ಅಂದರೆ, ಬಂದವರು ತೆರಿಗೆದಾರರ ಮೇಲೆ ಹೊರೆಯಾಗಬಾರದಂತೆ. ಆದರೆ ಈ ವೀಸಾದಲ್ಲಿ ಬಂದವರಿಗೆ ಸರ್ಕಾರಿ ಭತ್ಯೆ ಮುಟ್ಟುವ ಹಕ್ಕೇ ಇಲ್ಲ. ವೀಸಾದ ಷರತ್ತೇ ಅದು. ಆಸ್ಪತ್ರೆಯ ಖರ್ಚೋ? ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷದ ದುಡ್ಡು, 3,105 ಪೌಂಡ್, ವಿಮಾನ ಹತ್ತುವ ಮೊದಲೇ ಕಕ್ಕಬೇಕು. ಅಲ್ಲಿ ಕೆಲಸಕ್ಕೆ ಸೇರಿದರೆ ಅದೇ ಆಸ್ಪತ್ರೆಗಾಗಿ ಎಲ್ಲರಂತೆ ತೆರಿಗೆಯನ್ನೂ ಕಟ್ಟಬೇಕು. ಅರ್ಜಿಯ ಶುಲ್ಕ ಬೇರೆ: 2025ರ ಏಪ್ರಿಲ್‌ನ ದರದಂತೆ 1,938. ಎರಡು ಮುಕ್ಕಾಲು ವರ್ಷಕ್ಕೆ ವೀಸಾ ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಶುಲ್ಕ.

ಹೊರೆ ಯಾರು ಯಾರ ಮೇಲೆ ಹೊರಿಸುತ್ತಿದ್ದಾರೆ ಸ್ವಾಮಿ?

ಈಗ ಪ್ರೀತಿಯ ಪುರಾವೆ. ಒಂದು ಭಾನುವಾರ ಅಕ್ಕನ ಮನೆಗೆ ಹೋದರೆ ಊಟದ ಮೇಜಿನ ಮೇಲೆ ಕಾಗದದ ಬೆಟ್ಟ. ಮದುವೆ ನಿಜವಾದದ್ದು ಅಂತ ತೋರಿಸಲು ಐದು ವರ್ಷದ ವಾಟ್ಸಾಪ್ ಮುದ್ರಿಸುತ್ತಿದ್ದರು. ನಾನು ಒಂದು ಹಾಳೆ ಎತ್ತಿ ಓದಿದೆ. 'ಹಾಲು ತಾ.' 'ಗ್ಯಾಸ್ ಬುಕ್ ಮಾಡಿದ್ಯಾ?' 'ಮೋಟರ್ ಆಫ್ ಮಾಡು, ಟ್ಯಾಂಕ್ ತುಂಬಿ ಹರೀತಿದೆ.' ಒಂದೇ ಸೂರಿನಡಿ ಇರುವ ಗಂಡ ಹೆಂಡತಿ ಇನ್ನೇನು ಬರೆದುಕೊಳ್ಳುತ್ತಾರೆ? ಟ್ಯಾಂಕ್ ತುಂಬಿ ಹರಿದದ್ದನ್ನು ಲಂಡನ್ನಿನ ಗುಮಾಸ್ತ ಪ್ರೀತಿ ಅಂತ ಓದಿಕೊಂಡಾನೇ ಅನ್ನುವುದು ಅಕ್ಕನ ಚಿಂತೆ.

ಇಬ್ಬರೂ ಒಟ್ಟಿಗೆ ಇದ್ದೇವೆ ಅನ್ನಲು ಇಬ್ಬರ ಹೆಸರಿನ ಬಿಲ್ಲುಗಳಿದ್ದರೆ ಒಳ್ಳೆಯದಂತೆ. ಮನೆಯ ಕರೆಂಟ್ ಬಿಲ್ಲು ಇವತ್ತಿಗೂ ಓನರ್ ತಂದೆಯ ಹೆಸರಲ್ಲಿ ಬರುತ್ತಿದೆ. ಅವರು ಸತ್ತು ಹದಿನಾಲ್ಕು ವರ್ಷವಾಯಿತು.

ಅವಳಿಗೆ ಕ್ಷಯ ಇಲ್ಲ ಅಂತ ಸರ್ಟಿಫಿಕೇಟೂ ಬೇಕು. ಮೈಸೂರಿನ ಡಾಕ್ಟರು ಆಗದು, ಅವರು ಒಪ್ಪಿದ ಕ್ಲಿನಿಕ್ಕೇ ಆಗಬೇಕು. ಬೆಂಗಳೂರಿಗೆ ಬಸ್ಸು ಹತ್ತಿದಳು. ಅದೇ ಮನೆಯಲ್ಲಿ ಐದು ವರ್ಷ ಅದೇ ಗಾಳಿ ಕುಡಿದ ಗಂಡನಿಗೆ ಪರೀಕ್ಷೆ ಬೇಡ. ಕ್ರಿಮಿ ಪಾಸ್‌ಪೋರ್ಟ್ ನೋಡಿ ಕಚ್ಚುತ್ತದೆ.

ಆಮೇಲೆ ಇಂಗ್ಲಿಷ್. ಎಂ.ಎ. ಇದ್ದರೆ ಸಾಲದು. ಅದು ಅವರ ಪದವಿಗೆ ಸಮ, ಪಾಠ ನಡೆದದ್ದು ಇಂಗ್ಲಿಷಿನಲ್ಲೇ ಅಂತ ಅಲ್ಲಿನ ಒಂದು ಸಂಸ್ಥೆ ದುಡ್ಡು ತಗೊಂಡು ಬರೆದುಕೊಡಬೇಕು. ಇಲ್ಲವೇ ಅವರ ಪರೀಕ್ಷೆಗೆ ಕೂರಬೇಕು. ಇಂಗ್ಲಿಷ್ ಎಂ.ಎ. ಯಾವ ಭಾಷೆಯಲ್ಲಿ ನಡೆಯಿತು ಅನ್ನುವುದಕ್ಕೊಂದು ಪ್ರಮಾಣಪತ್ರ! ಮಾನಸಗಂಗೋತ್ರಿಯಲ್ಲಿ ಷೇಕ್ಸ್‌ಪಿಯರ್‌ನನ್ನು ಹಳಗನ್ನಡದಲ್ಲಿ ಹೇಳಿಕೊಟ್ಟಿರಬಹುದು ಅಂತ ಅನುಮಾನವೋ ಏನೋ.

ಈ ಅನುಮಾನ ಇವತ್ತಿನದಲ್ಲ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಹೀಥ್ರೂನಲ್ಲಿ ಇಳಿದ ಭಾರತೀಯ ಶಿಕ್ಷಕಿಯೊಬ್ಬರಿಗೆ ಅಧಿಕಾರಿಗಳು ಕನ್ಯತ್ವ ಪರೀಕ್ಷೆ ಮಾಡಿಸಿದ್ದರು. ಈಕೆಗೆ ಮೊದಲೇ ಮದುವೆಯಾಗಿ ಮಕ್ಕಳಾಗಿರಬಹುದು ಅನ್ನುವುದು ಅವರ ಸಂಶಯ. ಪತ್ರಿಕೆಯಲ್ಲಿ ಬಂತು, ಗದ್ದಲವಾಯಿತು. ಇಂಥ ಪರೀಕ್ಷೆ ಭಾರತದಲ್ಲೂ ನಡೆದಿತ್ತು ಅಂತ ಆಮೇಲೆ ಹೊರಬಿತ್ತು. ನಮಗೆ ಸಂಸ್ಕೃತಿ ಕಲಿಸಲು ಹಡಗು ಹತ್ತಿ ಬಂದವರು ಇವರು.

ಆಗ ಮೈ ತಡಕಿದರು. ಈಗ ಮೊಬೈಲ್ ತಡಕುತ್ತಾರೆ. ಇದನ್ನೇ ಪ್ರಗತಿ ಅನ್ನುವುದು.

ಇನ್ನೊಂದು ಹೆಸರು ಹೇಳಬೇಕು: ಸುರೀಂದರ್ ಸಿಂಗ್. ಭಾರತದವರು. ಅವರೂ ಅವರ ಬ್ರಿಟಿಷ್ ಹೆಂಡತಿಯೂ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದವರು. 1992ರಲ್ಲಿ ಅವರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ಒಂದು ಮಾತು ಹೇಳಿತು: ಬೇರೆ ಯುರೋಪಿಯನ್ ದೇಶದಲ್ಲಿ ದುಡಿದು ಬಂದ ಪ್ರಜೆ ಯುರೋಪಿನ ಕಾನೂನಿನಡಿಯೇ ಸಂಗಾತಿಯನ್ನು ತನ್ನ ದೇಶಕ್ಕೆ ಕರೆತರಬಹುದು. 2012ರಲ್ಲಿ ಸಂಬಳದ ಬೀಗ ಬಿದ್ದ ಮೇಲೆ ಬ್ರಿಟಿಷರು ಈ ಕಿಂಡಿ ಹುಡುಕಿದರು. ಐರ್ಲೆಂಡಿಗೆ ಹೋಗಿ ಕೆಲವು ತಿಂಗಳು ಕೆಲಸ ಮಾಡಿ, ಗಂಡನ ಅಥವಾ ಹೆಂಡತಿಯ ಕೈ ಹಿಡಿದು ವಾಪಸ್ ಬಂದರು. ಸ್ವಂತ ಮನೆಗೆ ಹಿತ್ತಲ ಬಾಗಿಲಿಂದ. ಆ ಬಾಗಿಲಿಗೆ ಹೆಸರೂ ಒಬ್ಬ ಸಿಂಗನದು.

ಆ ಕಾಲದಲ್ಲಿ ಲಂಡನ್ನಿನಲ್ಲಿ ತಟ್ಟೆ ಎತ್ತುವ ಫ್ರಾನ್ಸಿನವನು ಈ ಸಂಬಳದ ಚೀಟಿ ತೋರಿಸದೆ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಲಂಡನ್ನಿನಲ್ಲೇ ಹುಟ್ಟಿದವನಿಗೆ ಆಗುತ್ತಿರಲಿಲ್ಲ. ಬ್ರೆಕ್ಸಿಟ್ ಬಂತು. ನಮ್ಮ ದೇಶ ನಮ್ಮ ಕೈಗೆ ಅಂದರು. ತಾರತಮ್ಯ ಸರಿಹೋಯಿತು. ಬಾಗಿಲು ಎಲ್ಲರಿಗೂ ಸಮಾನವಾಗಿ ಮುಚ್ಚಿತು.

ಈಗ ನಮ್ಮ ಅಳಿಯಂದಿರ ವಿಷಯ.

2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ನಾವೆಲ್ಲ ಎದೆ ಉಬ್ಬಿಸಿದೆವು. ಹುಬ್ಬಳ್ಳಿಯಲ್ಲಿ ಹುಟ್ಟಿದ ಹುಡುಗಿಯ ಗಂಡ. ಬೆಂಗಳೂರಿನ ಅಳಿಯ. ಡೌನಿಂಗ್ ಸ್ಟ್ರೀಟ್ ನಮ್ಮ ಬೀಗರ ಮನೆ ಅನ್ನುವ ಹಾಗೆ ಬೀಗಿದೆವು. ಆ ಮನೆಯ ಯಜಮಾನಿಯ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಯಜಮಾನರು ಹಣಕಾಸು ಮಂತ್ರಿಯಾಗಿದ್ದಾಗಲೂ 2021ರವರೆಗೆ ಅಮೆರಿಕದ ಗ್ರೀನ್ ಕಾರ್ಡ್ ಇಟ್ಟುಕೊಂಡಿದ್ದವರು. ಪರದೇಶದ ಹೆಂಡತಿ ಅಂದರೇನು, ಪರದೇಶದಲ್ಲಿ ಬದುಕುವುದು ಅಂದರೇನು ಅಂತ ಬಲ್ಲ ಪ್ರಧಾನಿ ಇದ್ದರೆ ಇವರೇ.

2023ರ ಡಿಸೆಂಬರ್ 4ರಂದು ಆ ಅಳಿಯಂದಿರ ಸರ್ಕಾರ ಘೋಷಿಸಿತು: ಪರದೇಶದ ಸಂಗಾತಿ ಬೇಕಾದರೆ 38,700 ಪೌಂಡ್ ಸಂಬಳ ತೋರಿಸಿ. ಕೂಗಾಟವಾಯಿತು. ಸರಿ, ಸದ್ಯಕ್ಕೆ 29,000, ಮಿಕ್ಕಿದ್ದು ಕಂತಿನಲ್ಲಿ ಏರಿಸುತ್ತೇವೆ ಅಂದರು. ಮನೆಯ ಅಳಿಯನೇ ಬಾಗಿಲಿಗೆ ಅಗಣಿ ಹಾಕಿದ್ದು ನಮ್ಮ ಅಭಿಮಾನಿಗಳಿಗೆ ಕಾಣಲಿಲ್ಲ. ಅವರು ಇನ್ನೂ ಫೋಟೋ ಫಾರ್ವರ್ಡ್ ಮಾಡುತ್ತಿದ್ದರು.

2024ರ ಜುಲೈಯಲ್ಲಿ ಲೇಬರ್ ಪಕ್ಷ ಗೆದ್ದಿತು. 38,700 ಕ್ರೂರ ಅಂದಿತು ಅಂತಿಟ್ಟುಕೊಳ್ಳಿ. 29,000 ಇಳಿಸಿತೇ? ಇಲ್ಲ. ಅಲ್ಲಿಗೇ ನಿಲ್ಲಿಸಿ ಪರಿಶೀಲನೆಗೆ ಸಮಿತಿಯ ಕೈಗೆ ಕೊಟ್ಟಿತು. ಅಳಿಯ ಅಲ್ಲ, ಮಗಳ ಗಂಡ.

ಲೀಡ್ಸಿನ ಆ ತಾಯಿಯನ್ನು ಎಬ್ಬಿಸಿ ಕೂರಿಸಲು ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಾಳೆ. ಕೇರಳದವಳು. ಗಂಡ, ಎರಡು ಮಕ್ಕಳು ಕೊಟ್ಟಾಯಂನಲ್ಲಿ. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆ ಕೆಲಸದವರು ಸಂಸಾರ ಕರೆತರುವಂತಿಲ್ಲ. 2025ರ ಜುಲೈಯಲ್ಲಿ ಹೊರದೇಶದಿಂದ ಅಂಥವರನ್ನು ಹೊಸದಾಗಿ ಕರೆಸುವುದನ್ನೇ ನಿಲ್ಲಿಸಿದರು. ಮುದುಕಿಯನ್ನು ಎತ್ತಲು ಕೈ ಬೇಕಿತ್ತು. ಕೈಯ ಹಿಂದಿನ ಸಂಸಾರ ಬೇಡವಾಗಿತ್ತು. ಬಿಟ್ಟಿಯಾಗಿ ಎತ್ತಲು ಸಿದ್ಧಳಿರುವ ಸ್ವಂತ ಸೊಸೆಯಂತೂ ಬೇಡವೇ ಬೇಡ. ಅವಳ ಗಂಡನಿಗೆ ಸಂಬಳ ಕಡಿಮೆ.

ಕುಟುಂಬವೇ ಸಮಾಜದ ಬುನಾದಿ ಅಂತ ಭಾಷಣ ಮಾಡುವವರೂ ಇವರೇ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ನಾವೇನೂ ಹಾಲಲ್ಲಿ ತೊಳೆದವರಲ್ಲ. ನಮ್ಮವರನ್ನು ಮದುವೆಯಾದ ವಿದೇಶಿಗೆ ಓಸಿಐ ಕಾರ್ಡು ಬೇಕಾದರೆ ಮದುವೆ ನೋಂದಾಯಿಸಿ ಎರಡು ವರ್ಷ ಬಾಳಿ ತೋರಿಸಬೇಕು. ಮುಂದೆ ಮದುವೆ ಮುರಿದರೆ ಕಾರ್ಡೂ ಹೋಗುತ್ತದೆ, ಇಪ್ಪತ್ತು ವರ್ಷ ಇಲ್ಲೇ ಬೇರು ಬಿಟ್ಟಿದ್ದರೂ. ವಸುಧೈವ ಕುಟುಂಬಕಂ ಅನ್ನುವುದು ಬ್ಯಾನರಿಗೆ. ಕೌಂಟರಿನಲ್ಲಿ ಕೇಳುವುದು ಜೆರಾಕ್ಸ್ ಕಾಪಿ, ಮೂರು ಸೆಟ್.

ಆದರೂ ನಮ್ಮ ಸರ್ಕಾರ ಆ ಹುಡುಗನ ಸಂಬಳ ನೋಡಿ ಅವನ ಪ್ರೀತಿಗೆ ಅಂಕ ಹಾಕಲಿಲ್ಲ. ಆ ಕೆಲಸ ಮಾಡಿದ್ದು ಅವನು ಹುಟ್ಟಿದ ದೇಶ. ಪ್ರಜೆ ಅನ್ನಿಸಿಕೊಳ್ಳಲು ಅವನಿಗೆ ಹುಟ್ಟು ಸಾಕಾಯಿತು, ಗಂಡ ಅನ್ನಿಸಿಕೊಳ್ಳಲು ಸಾಲದು.

ಅವರಿಬ್ಬರೂ ಇನ್ನೂ ಮೈಸೂರಿನಲ್ಲೇ ಇದ್ದಾರೆ. ದಿನಾ ರಾತ್ರಿ ಎಂಟೂವರೆಗೆ, ಅಲ್ಲಿ ಸಂಜೆ ನಾಲ್ಕಾದಾಗ, ಅಕ್ಕನ ಮಗಳು ಲೀಡ್ಸಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಮಾತ್ರೆ ತಗೊಂಡಿರಾ, ಬಾಗಿಲವರೆಗೆ ನಡೆದಿರಾ, ಬಚ್ಚಲಿಗೆ ಚಾಪೆ ಹಾಕಿಸಿದಿರಾ ಅಂತ ಕೇಳುತ್ತಾಳೆ. ಇಂಗ್ಲಿಷಿನಲ್ಲೇ. ಅತ್ತೆ ಎಲ್ಲಕ್ಕೂ ಉತ್ತರ ಕೊಡುತ್ತಾರೆ. ಒಮ್ಮೊಮ್ಮೆ ಇಬ್ಬರೂ ನಗುತ್ತಾರೆ.

ಪ್ರಮಾಣಪತ್ರ ಇನ್ನೂ ಬಂದಿಲ್ಲ.